ವಿದ್ಯುತ್ ಕಾರು: ಅದರ ರಚನೆ, ಓಟ ಮತ್ತು ಲೆಕ್ಕಾಚಾರ

ಸಂಚಾರದ ಸಾಧನಗಳು ಬದಲಾದಂತೆಲ್ಲ ಜನಜೀವನವೂ ಬದಲಾಗುತ್ತ ಬಂದಿದೆ. ದೂರ ಹೋಗಬೇಕಾಗಿಲ್ಲ, ನಮ್ಮ ಆದವಾನಿ ಸೀಮೆಯನ್ನೇ ನೋಡಬಹುದು. ಒಂದು ಕಾಲಕ್ಕೆ ಹತ್ತಿಯನ್ನು ಮಾರುಕಟ್ಟೆಗೆ ತರುತ್ತಿದ್ದುದು ಎತ್ತಿನ ಗಾಡಿಗಳು. ಅನಂತರ ಲಾರಿ ಬಂದಿತು, ಟ್ರ್ಯಾಕ್ಟರು ಬಂದಿತು, ಆಟೋ ಬಂದಿತು. ರೈಲು ಹಳಿಯ ಮೇಲೆ ಕಲ್ಲಿದ್ದಲಿನ ಎಂಜಿನ್ ಹೋಗಿ ಕರೆಂಟಿನ ಎಂಜಿನ್ ಬಂದಿತು. ಈಗ ಕರೆಂಟಿನ ಕಾರಿನ ಸರದಿ ಬಂದಿದೆ.

ಭಾಷಾ ಶಿಕ್ಷಕರಾದ ನಮಗೆ ಮೋಟಾರು ಗಾಡಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಇಂಥ ವಿಷಯಗಳೆಲ್ಲ ಇಂಗ್ಲಿಷಿನಲ್ಲಿ ಓದಿದವರಿಗೆ ಮಾತ್ರ ತಿಳಿಯುವಂಥವು ಎಂಬ ಅಂಜಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಇನ್ನೂ ಉಳಿದಿದೆ. ಆ ಅಂಜಿಕೆ ಹೋಗಬೇಕಾದರೆ ವಿಷಯವನ್ನು ಮನೆಯ ಮಾತಿನಲ್ಲೇ ಬಿಡಿಸಿ ಹೇಳಬೇಕು. ಮೋಟಾರು, ಬ್ಯಾಟರಿ, ಚಾರ್ಜು ಮುಂತಾದ ಪದಗಳು ನಮ್ಮ ಹಳ್ಳಿಗಳಲ್ಲಿ ದಿನವೂ ಬಳಕೆಯಾಗುತ್ತಿರುವುದರಿಂದ ಅವನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ. ಇದಲ್ಲದೆ ಪಾಲಕರಿಗೂ ಈ ವಿಷಯ ಸಂಬಂಧಪಟ್ಟದ್ದು. ಬೆಳೆ ಬಂದ ವರ್ಷ ಸಾಲ ಮಾಡಿ ಗಾಡಿ ಕೊಂಡು, ಮಳೆ ಕೈಕೊಟ್ಟ ವರ್ಷ ಕಂತು ಕಟ್ಟಲಾಗದೆ ಅದನ್ನು ಅರ್ಧ ಬೆಲೆಗೆ ಮಾರಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಆ ಕಂತಿನ ಭಾರ ಕೊನೆಗೆ ಬೀಳುವುದು ಮಕ್ಕಳ ಓದಿನ ಮೇಲೆ. ಆದುದರಿಂದ ಹೊಸ ವಸ್ತುವನ್ನು ಕೊಳ್ಳುವ ಮುನ್ನ ಅದನ್ನು ಅಳೆಯುವ ಬಗೆಯನ್ನು ಕಲಿಯುವುದು ಒಳ್ಳೆಯದು.

ಹೊಸದಲ್ಲದ ಹೊಸ ಗಾಡಿ

ವಿದ್ಯುತ್ ಕಾರು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕಾರು ಎಂಬ ವಸ್ತು ಮೊದಲ ಬಾರಿಗೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ದಾಟಿದ್ದು 1899ರಲ್ಲಿ. ಬೆಲ್ಜಿಯಂ ದೇಶದ ಕಮೀಲ್ ಜೆನಾತ್ಸಿ ಎಂಬವರು ಅಂದು ನಡೆಸಿದ ಕಾರು ವಿದ್ಯುತ್ತಿನದಾಗಿತ್ತು. ಅನಂತರ ಪೆಟ್ರೋಲು ಅಗ್ಗವಾಯಿತು. 1908ರಲ್ಲಿ ಅಮೆರಿಕದ ಹೆನ್ರಿ ಫೋರ್ಡರ ಕಂಪನಿ ಸಾಮಾನ್ಯರಿಗೂ ಎಟಕುವ ಬೆಲೆಯ ಪೆಟ್ರೋಲು ಕಾರನ್ನು ಹೊರತಂದಿತು. ಬ್ಯಾಟರಿಯಾದರೋ ಭಾರವಾದದ್ದು, ಬೇಗ ಬರಿದಾಗುವಂಥದ್ದು. ಹೀಗಾಗಿ ವಿದ್ಯುತ್ ಕಾರು ಮೂಲೆ ಸೇರಿತು.

ಅದನ್ನು ಮತ್ತೆ ರಸ್ತೆಗೆ ತಂದವರಲ್ಲಿ ನಮ್ಮ ನೆರೆಯ ಬೆಂಗಳೂರಿನವರೂ ಇದ್ದಾರೆಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. 1994ರಲ್ಲಿ ಅಲ್ಲಿನ ಮೈನಿ ಸಮೂಹವು ಅಮೆರಿಕದ ಒಂದು ಕಂಪನಿಯೊಡನೆ ಸೇರಿ ರೇವಾ ಕಂಪನಿಯನ್ನು ಕಟ್ಟಿತು. ಚೇತನ್ ಮೈನಿ ಅವರ ನೇತೃತ್ವದಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಎರಡೇ ಬಾಗಿಲಿನ ಈ ಪುಟ್ಟ ಗಾಡಿಯಲ್ಲಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ ನಗರದಲ್ಲಿ ಇದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು.

ರೇವಾ ಪಟ್ಟಣದ ಬೀದಿಗೆ ಹೊಂದುವ ಗಾಡಿಯಾಗಿತ್ತು. ಐದು ಜನರ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಮಂತ್ರಾಲಯಕ್ಕೆ ಹೋಗಬೇಕೆಂದರೆ ಅದು ಸಾಲದು. ಅದಕ್ಕೆ ಬೇಕಾದದ್ದು ಸೆಡಾನ್, ಅಂದರೆ ಸಾಮಾನಿಗೆ ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ನಾಲ್ಕು ಬಾಗಿಲಿನ ಕಾರು. ಅಂಥ ವಿದ್ಯುತ್ ಕಾರು, ಇ-ವೆರಿಟೊ ಎಂಬ ಹೆಸರಿನದು, ಮಹೀಂದ್ರಾ ಕಂಪನಿಯಿಂದ 2016ರಲ್ಲಿ ಬಂದಿತು. 2021ರ ಆಗಸ್ಟಿನಲ್ಲಿ ಟಾಟಾ ಕಂಪನಿಯ ಟಿಗೋರ್ ಇ.ವಿ.ಯ ಸುಧಾರಿತ ರೂಪ ಸುಮಾರು 12 ಲಕ್ಷ ರೂಪಾಯಿಗಳ ಆರಂಭದ ಬೆಲೆಗೆ ಬಂದಿತು. ವಿದ್ಯುತ್ ಸೆಡಾನ್‌ಗಳಲ್ಲಿ ಇದು ಅಗ್ಗದ್ದು ಎನಿಸಿಕೊಂಡಿತು. ಈ ಎರಡು ಗಾಡಿಗಳನ್ನು ಮುಂದಿಟ್ಟುಕೊಂಡು ವಿಷಯವನ್ನು ತಿಳಿಯೋಣ.

ಒಳಗೆ ಏನಿದೆ?

ಪೆಟ್ರೋಲು ಕಾರಿನ ಎಂಜಿನ್ನಿನೊಳಗೆ ಇಂಧನ ಸಿಡಿದು ಉರಿಯುತ್ತದೆ. ಆ ಸಿಡಿತ ಪಿಸ್ಟನ್ನನ್ನು ತಳ್ಳಿ ಚಕ್ರವನ್ನು ತಿರುಗಿಸುತ್ತದೆ. ಇಂಧನದಲ್ಲಿರುವ ಶಕ್ತಿಯ ಕಾಲುಪಾಲಿನಷ್ಟು ಮಾತ್ರ ಚಕ್ರಕ್ಕೆ ಮುಟ್ಟುತ್ತದೆ. ಉಳಿದುದು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಉರಿಯುವುದು ಯಾವುದೂ ಇಲ್ಲ. ಬ್ಯಾಟರಿಯಲ್ಲಿ ಕೂಡಿಟ್ಟ ಕರೆಂಟು ಒಂದು ನಿಯಂತ್ರಣ ಪೆಟ್ಟಿಗೆಯ ಮೂಲಕ ಮೋಟಾರಿಗೆ ಹರಿದು ಚಕ್ರವನ್ನು ತಿರುಗಿಸುತ್ತದೆ. ಮೋಟಾರಿಗೆ ಬಂದ ಕರೆಂಟಿನ ನೂರು ಪಾಲಿನಲ್ಲಿ ತೊಂಬತ್ತರ ಆಸುಪಾಸು ಕೆಲಸಕ್ಕೆ ಬರುತ್ತದೆ. ಕ್ಲಚ್ಚು, ಎಂಜಿನ್ ಆಯಿಲ್, ಸೈಲೆನ್ಸರ್, ಸ್ಪಾರ್ಕ್ ಪ್ಲಗ್ ಇವು ಯಾವುವೂ ಬೇಕಿಲ್ಲ. ಸವೆಯುವ ಭಾಗಗಳು ಕಡಿಮೆಯಾದುದರಿಂದ ರಿಪೇರಿಯ ಖರ್ಚೂ ಕಡಿಮೆ.

ಇನ್ನೊಂದು ವಿಶೇಷವಿದೆ. ಪೆಟ್ರೋಲು ಕಾರಿಗೆ ಬ್ರೇಕು ಹಾಕಿದಾಗ ಓಟದ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಕಾರಿನಲ್ಲಿ ವೇಗ ತಗ್ಗಿಸಿದಾಗ ಅದೇ ಮೋಟಾರು ಡೈನಮೋದಂತೆ ವರ್ತಿಸಿ, ಕರೆಂಟನ್ನು ಹುಟ್ಟಿಸಿ, ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸೈಕಲ್ಲಿನ ಡೈನಮೋ ಚಕ್ರಕ್ಕೆ ತಾಗಿದಾಗ ಪೆಡಲು ಭಾರವಾಗುವುದನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೋದುದೆಲ್ಲ ಮರಳಿ ಬರುವುದಿಲ್ಲ. ಆದರೆ ಇಳಿಜಾರಿನಲ್ಲಿಯೂ ಪೇಟೆಯ ನಿಂತು ನಿಂತು ಸಾಗುವ ಓಟದಲ್ಲಿಯೂ ಅಷ್ಟಿಷ್ಟು ಉಳಿತಾಯವಾಗುತ್ತದೆ.

ಮೂರು ಅಳತೆಗಳು

ಕಾರಿನ ಜಾಹೀರಾತಿನಲ್ಲಿ ಅನೇಕ ಅಂಕಿಗಳಿರುತ್ತವೆ. ಅವುಗಳಲ್ಲಿ ಮೂರನ್ನು ಓದಲು ಕಲಿತರೆ ಸಾಕು.

ಮೊದಲನೆಯದು ಕಿಲೋವ್ಯಾಟ್-ಗಂಟೆ. ಹೆಸರು ದೊಡ್ಡದಾದರೂ ಇದು ನಮಗೆ ಹೊಸದಲ್ಲ. ಮನೆಯ ಕರೆಂಟು ಬಿಲ್ಲಿನಲ್ಲಿ ಬರೆದಿರುವ ಒಂದು ಯೂನಿಟ್ಟೇ ಒಂದು ಕಿಲೋವ್ಯಾಟ್-ಗಂಟೆ. 2021ರ ಟಿಗೋರಿನ ಬ್ಯಾಟರಿ 26 ಕಿಲೋವ್ಯಾಟ್-ಗಂಟೆಯದು, ಅಂದರೆ 26 ಯೂನಿಟ್ ಹಿಡಿಯುವ ತೊಟ್ಟಿ ಎಂದು ತಿಳಿಯಬೇಕು.

ಎರಡನೆಯದು ಕಿಲೋವ್ಯಾಟ್. ತೊಟ್ಟಿಯಿಂದ ನೀರು ಎಷ್ಟು ರಭಸದಿಂದ ಹೊರಬರಬಲ್ಲದು ಎಂಬುದಕ್ಕೆ ಇದನ್ನು ಹೋಲಿಸಬಹುದು. ಇ-ವೆರಿಟೊ ಕಾರಿನ ಮೋಟಾರಿನದು 31 ಕಿಲೋವ್ಯಾಟ್, ಅದರ ಪರಮಾವಧಿ ವೇಗ ಗಂಟೆಗೆ 86 ಕಿಲೋಮೀಟರ್. ಟಿಗೋರಿನದು 55 ಕಿಲೋವ್ಯಾಟ್. ನಿಂತಲ್ಲಿಂದ 60 ಕಿಲೋಮೀಟರ್ ವೇಗಕ್ಕೆ ಏರಲು ಮೊದಲನೆಯದಕ್ಕೆ 11 ಸೆಕೆಂಡಿಗೂ ಹೆಚ್ಚು ಬೇಕಾಗಿದ್ದರೆ, ಎರಡನೆಯದಕ್ಕೆ 6 ಸೆಕೆಂಡಿಗೂ ಕಡಿಮೆ ಸಾಕೆಂದು ಕಂಪನಿಗಳು ತಿಳಿಸಿದ್ದವು. ಐದು ವರ್ಷಗಳ ಅಂತರದಲ್ಲಿ ಆದ ಪ್ರಗತಿ ಇದು.

ಮೂರನೆಯದು ನ್ಯೂಟನ್-ಮೀಟರ್, ಅಂದರೆ ತಿರುಗಿಸುವ ಬಲ. ತುಂಬಿದ ಗಾಡಿಯನ್ನು ದಿಬ್ಬ ಹತ್ತಿಸುವುದು ಈ ಬಲ. ಟಿಗೋರಿನ ಪೆಟ್ರೋಲು ಎಂಜಿನ್ 113 ನ್ಯೂಟನ್-ಮೀಟರ್ ಕೊಡುತ್ತಿದ್ದರೆ ವಿದ್ಯುತ್ ಮೋಟಾರು 170 ಕೊಡುತ್ತಿತ್ತು. ಪೆಟ್ರೋಲು ಎಂಜಿನ್ ಸಾವಿರಾರು ಸುತ್ತು ತಿರುಗಿದ ಮೇಲೆ ತನ್ನ ಪೂರ್ಣ ಬಲ ತೋರಿಸುತ್ತದೆ. ಮೋಟಾರು ಗುಂಡಿ ಒತ್ತಿದೊಡನೆ ತಿರುಗುವ ಬೋರ್‌ವೆಲ್ ಪಂಪಿನಂತೆ ಮೊದಲ ಸುತ್ತಿನಿಂದಲೇ ಬಲ ತೋರಿಸುತ್ತದೆ. ಗೇರು ಬದಲಿಸುವ ತಾಪತ್ರಯವೂ ಇಲ್ಲ.

ಆಕಾರದ ಗುಣ, ಆಕಾರದ ಕೊರತೆ

ಸೆಡಾನ್ ಆಕಾರವನ್ನು ಬರೀ ಅಂದಕ್ಕಾಗಿ ಮಾಡಿದ್ದಲ್ಲ. ಓಡುವ ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ತಗ್ಗಾದ ಮೈ, ಹಿಂದಕ್ಕೆ ಇಳಿಯುತ್ತ ಹೋಗುವ ಮಾಡು ಇದ್ದರೆ ಗಾಳಿ ಸುಲಭವಾಗಿ ಜಾರುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಇರುವ ತಡೆ 80ಕ್ಕೆ ಏರಿದಾಗ ಒಂದೂ ಮುಕ್ಕಾಲು ಪಟ್ಟಿಗಿಂತಲೂ ತುಸು ಹೆಚ್ಚಾಗುತ್ತದೆ. ಗಣಿತದಲ್ಲಿ ವರ್ಗ ಕಲಿತ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಆದುದರಿಂದ ವಿದ್ಯುತ್ ಕಾರಿನಲ್ಲಿ ಸಾವಧಾನವೇ ಉಳಿತಾಯ.

ಬ್ಯಾಟರಿ ಭಾರವಾದದ್ದು, ಅದನ್ನು ಕಾರಿನ ತಳಭಾಗದಲ್ಲಿ ಇಡುತ್ತಾರೆ. ಭಾರವೆಲ್ಲ ತಳದಲ್ಲಿರುವುದರಿಂದ ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ಆದರೆ ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕು. ಪೆಟ್ರೋಲು ಟಿಗೋರಿನ ಡಿಕ್ಕಿಯಲ್ಲಿ 419 ಲೀಟರಿನಷ್ಟು ಜಾಗವಿದ್ದರೆ, ವಿದ್ಯುತ್ ಟಿಗೋರಿನಲ್ಲಿ ಅದು 316ಕ್ಕೆ ಇಳಿಯಿತು. ಇನ್ನು ಕಾರಿನ ತಳ ನೆಲದಿಂದ 172 ಮಿಲಿಮೀಟರ್ ಎತ್ತರದಲ್ಲಿತ್ತು, ಅಂದರೆ ಒಂದು ಗೇಣಿಗೂ ತುಸು ಕಡಿಮೆ. ಡಾಂಬರು ರಸ್ತೆಗೆ ಇದು ಸಾಕು. ನಮ್ಮ ಎರೆನೆಲದ ದಾರಿಗಳು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಟ್ರ್ಯಾಕ್ಟರಿನ ಗಾಲಿಯ ಜಾಡು ಬಿದ್ದು ಇರುತ್ತವೆ. ಅಂಥ ಕಡೆ ಐದು ಜನ ಕುಳಿತಾಗ ತಳ ತಾಗದಂತೆ ಎಚ್ಚರ ವಹಿಸಬೇಕು. ಸುರಕ್ಷತೆಯ ವಿಷಯದಲ್ಲಿ ಈ ಕಾರು 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಹೊಡೆಸುವ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಗಳಿಸಿತು.

ನಮ್ಮ ದಾರಿಗಳಲ್ಲಿ ಎಷ್ಟು ದೂರ?

ಟಿಗೋರ್ ಒಂದು ಚಾರ್ಜಿಗೆ 306 ಕಿಲೋಮೀಟರ್ ಓಡುತ್ತದೆ ಎಂದು ಅಂದಿನ ಪ್ರಮಾಣಪತ್ರ ಹೇಳಿತ್ತು. ಪ್ರಮಾಣಪತ್ರ ಸುಳ್ಳಲ್ಲ. ಆದರೆ ಪರೀಕ್ಷೆ ನಡೆಯುವುದು ಪ್ರಯೋಗಶಾಲೆಯ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ. ಅಲ್ಲಿ ಎದುರುಗಾಳಿಯಿಲ್ಲ, ಮೇ ತಿಂಗಳ ಬಿಸಿಲಿಲ್ಲ, ಹಿಂದಿನ ಸೀಟಿನಲ್ಲಿ ಮೂವರಿಲ್ಲ. ಆದುದರಿಂದ ನಾವು ಕಿಲೋಮೀಟರಿಗೆ 125 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿಗೆ 8 ಕಿಲೋಮೀಟರ್ ಎಂದು ಹಿಡಿಯೋಣ. ಆಗ 26 ಯೂನಿಟ್ಟಿಗೆ 208 ಕಿಲೋಮೀಟರ್ ಆಗುತ್ತದೆ. ಎ.ಸಿ. ನಡೆಸಿದರೆ ಗಂಟೆಗೆ ಒಂದೂಕಾಲು ಯೂನಿಟ್ ಹೆಚ್ಚಿಗೆ ಬೇಕೆಂದು ಇಟ್ಟುಕೊಳ್ಳೋಣ.

ಆದವಾನಿಯಿಂದ ಮಂತ್ರಾಲಯ ಸುಮಾರು 50 ಕಿಲೋಮೀಟರ್. ಹೋಗಿ ಬರಲು 100 ಕಿಲೋಮೀಟರ್, ಎರಡು ಗಂಟೆಯ ಓಟ. ಓಟಕ್ಕೆ ಹನ್ನೆರಡೂವರೆ, ಎ.ಸಿ.ಗೆ ಎರಡೂವರೆ, ಒಟ್ಟು 15 ಯೂನಿಟ್. ಮನೆಗೆ ಬಂದಾಗ ಇನ್ನೂ 11 ಯೂನಿಟ್ ಮಿಕ್ಕಿರುತ್ತದೆ. ಚಿಂತೆಯಿಲ್ಲ.

ಆಲೂರಿನ ಮೇಲೆ ಬಳ್ಳಾರಿ ಸುಮಾರು 75 ಕಿಲೋಮೀಟರ್. ಹೋಗಿ ಬರಲು 150 ಕಿಲೋಮೀಟರ್, ಮೂರು ಗಂಟೆ. ಒಟ್ಟು ಇಪ್ಪತ್ತೆರಡೂವರೆ ಯೂನಿಟ್. ಮಿಕ್ಕುವುದು ಮೂರೂವರೆ. ಹೋಗಿ ಬರಬಹುದು, ಆದರೆ ಸುತ್ತಾಡಲಾಗದು.

ಎಮ್ಮಿಗನೂರಿನ ಮೇಲೆ ಕರ್ನೂಲು ಸುಮಾರು 100 ಕಿಲೋಮೀಟರ್. ಹೋಗಿ ಬರುವ ಓಟಕ್ಕೇ 25 ಯೂನಿಟ್ ಬೇಕು, ಎ.ಸಿ. ಸೇರಿದರೆ 30. ಕರ್ನೂಲಿನಲ್ಲಿ ನಡುವೆ ಚಾರ್ಜು ಮಾಡದೆ ಹಿಂದಿರುಗುವಂತಿಲ್ಲ. ಆಸ್ಪತ್ರೆಯ ಕೆಲಸಕ್ಕಾಗಿ ಕರ್ನೂಲಿಗೆ ಹೋಗುವವರು ನಮ್ಮಲ್ಲಿ ಅನೇಕರಿರುವುದರಿಂದ ಈ ಲೆಕ್ಕವನ್ನು ಮರೆಯಬಾರದು. ಹೈದರಾಬಾದು, ಬೆಂಗಳೂರುಗಳು ಇನ್ನೂ ದೂರದಲ್ಲಿವೆ. ಅಲ್ಲಿಗೆ ಹೊರಡುವವರು ದಾರಿಯಲ್ಲಿ ಎಲ್ಲಿ ಚಾರ್ಜು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಹೊರಡಬೇಕು. ವೇಗದ ಚಾರ್ಜರಿನಲ್ಲಿ ಬ್ಯಾಟರಿಯ ನೂರಕ್ಕೆ ಎಂಬತ್ತು ಪಾಲು ತುಂಬಲು ಈ ಕಾರಿಗೆ ಒಂದು ಗಂಟೆಯ ಮೇಲೆ ತುಸು ಹೊತ್ತು ಬೇಕಾಗುತ್ತಿತ್ತು. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಅಷ್ಟಕ್ಕೇ ಎಂಟೂವರೆ ಗಂಟೆ, ಎಂದರೆ ಒಂದು ರಾತ್ರಿ.

ರೂಪಾಯಿಯ ಲೆಕ್ಕ

ಈಗ ಪಾಲಕರಿಗೆ ಮುಖ್ಯವಾದ ಮಾತು. ವಿದ್ಯುತ್ ಕಾರು ಕೊಳ್ಳಲು ದುಬಾರಿ, ಓಡಿಸಲು ಅಗ್ಗ. ಈ ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಗಾಡಿಯಲ್ಲ, ಅದನ್ನು ಕೊಂಡ ಮನೆಯ ಓಡಾಟ.

100 ಕಿಲೋಮೀಟರ್ ಓಡಲು ಬ್ಯಾಟರಿಗೆ ಹನ್ನೆರಡೂವರೆ ಯೂನಿಟ್ ಬೇಕು. ಚಾರ್ಜು ಮಾಡುವಾಗ ಸ್ವಲ್ಪ ಸೋರಿಹೋಗುವುದರಿಂದ ಮೀಟರಿನಲ್ಲಿ 15 ಯೂನಿಟ್ ಎಂದು ಹಿಡಿಯೋಣ. ಯೂನಿಟ್ಟಿಗೆ 7 ರೂಪಾಯಿಯಾದರೆ 105 ರೂಪಾಯಿ. ಪೆಟ್ರೋಲು ಕಾರಿಗೆ ಅದೇ ದೂರಕ್ಕೆ 6 ಲೀಟರ್, ಲೀಟರಿಗೆ 110 ರೂಪಾಯಿಯಂತೆ 660 ರೂಪಾಯಿ. ಉಳಿತಾಯ 555 ರೂಪಾಯಿ. ಎ.ಸಿ. ನಡೆಸಿದರೆ ಎರಡು ಬಗೆಯ ಕಾರುಗಳಿಗೂ ಖರ್ಚು ಏರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇವೆ. ಈ ಉಳಿತಾಯವನ್ನು ಕಂಡು ಯಾರಿಗಾದರೂ ಆಸೆಯಾಗುವುದು ಸಹಜ.

ಆದರೆ ವಿದ್ಯುತ್ ಕಾರಿಗೆ ಪೆಟ್ರೋಲು ಕಾರಿಗಿಂತ 4 ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದೇವೆ, ಅದನ್ನು ನೂರಕ್ಕೆ 9ರ ಬಡ್ಡಿಗೆ ತಂದಿದ್ದೇವೆ ಎಂದುಕೊಳ್ಳೋಣ. ವರ್ಷಕ್ಕೆ ಬಡ್ಡಿಯೇ 36,000 ರೂಪಾಯಿ. ದಿನಕ್ಕೆ 20 ಕಿಲೋಮೀಟರ್ ಓಡಾಡುವ ಮನೆಯವರು ವರ್ಷಕ್ಕೆ 7,300 ಕಿಲೋಮೀಟರ್ ಓಡಿಸಿ ಸುಮಾರು 40,500 ರೂಪಾಯಿ ಉಳಿಸುತ್ತಾರೆ. ಬಡ್ಡಿ ಕಳೆದರೆ ಕೈಯಲ್ಲಿ ಉಳಿಯುವುದು ನಾಲ್ಕೂವರೆ ಸಾವಿರ. ಅಸಲು ಹಾಗೆಯೇ ಇರುತ್ತದೆ!

ಅದೇ ಕಾರನ್ನು ಮಂತ್ರಾಲಯದ ಯಾತ್ರಿಕರಿಗಾಗಿ ಬಾಡಿಗೆಗೆ ಓಡಿಸುವವರು ದಿನಕ್ಕೆ 150 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿಸಿದರೆ 45,000 ಕಿಲೋಮೀಟರ್ ಆಗುತ್ತದೆ. ಉಳಿತಾಯ ಸುಮಾರು 2,50,000 ರೂಪಾಯಿ. ಬಡ್ಡಿ ಕಳೆದರೂ ಎರಡು ವರ್ಷದೊಳಗೆ ಹೆಚ್ಚಿನ ಬೆಲೆಯೆಲ್ಲ ಮರಳಿ ಬರುತ್ತದೆ. ಡೀಸೆಲ್ ಗಾಡಿಯೊಡನೆ ಹೋಲಿಸಿದರೆ ಈ ಲಾಭ ಕಡಿಮೆಯಾಗುತ್ತದೆ. ಮನೆಯಲ್ಲಿ ಚಾರ್ಜು ಮಾಡದೆ ಹೊರಗಿನ ಕೇಂದ್ರದಲ್ಲಿ ಯೂನಿಟ್ಟಿಗೆ 20 ರೂಪಾಯಿ ಕೊಟ್ಟರೆ 105 ರೂಪಾಯಿಯ ಖರ್ಚು 300ಕ್ಕೆ ಏರುತ್ತದೆ. ಓಡಿದಷ್ಟೂ ಲಾಭ, ನಿಂತಷ್ಟೂ ನಷ್ಟ; ಸ್ವಂತ ಮನೆಯ ಪ್ಲಗ್ಗು ಇದ್ದವರಿಗೆ ಅನುಕೂಲ, ಇಲ್ಲದವರಿಗೆ ಕಷ್ಟ. ಈ ಮಾತನ್ನು ಅಂಗಡಿಯವರು ಹೇಳುವುದಿಲ್ಲ. ನಾವೇ ಲೆಕ್ಕ ಹಾಕಿ ತಿಳಿಯಬೇಕು. ಮೇಲಿನ ದರಗಳು ಉದಾಹರಣೆಗೆ ಹಿಡಿದವು. ವಿದ್ಯಾರ್ಥಿಗಳು ತಮ್ಮ ಮನೆಯ ಬಿಲ್ಲಿನ ದರವನ್ನೂ ಅಂದಿನ ಪೆಟ್ರೋಲು ದರವನ್ನೂ ಹಾಕಿ ಇದನ್ನು ಮತ್ತೆ ಮಾಡಲಿ.

ಕೆಲವು ಎಚ್ಚರಿಕೆಗಳು

ಬ್ಯಾಟರಿಗೆ ಬಿಸಿಯೇ ಶತ್ರು. ಟಿಗೋರಿನ ಬ್ಯಾಟರಿಗೆ ತಂಪುದ್ರವದ ವ್ಯವಸ್ಥೆ ಮಾಡಿ, 8 ವರ್ಷ ಅಥವಾ 1,60,000 ಕಿಲೋಮೀಟರಿನ ಭರವಸೆಯನ್ನು ಕಂಪನಿ ಕೊಟ್ಟಿತ್ತು. ಆದರೂ ನಮ್ಮ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಬೇಕು. ದೂರದ ಓಟ ಮುಗಿಸಿ ಬಂದ ತಕ್ಷಣ ಚಾರ್ಜಿಗೆ ಹಚ್ಚದೆ ತಣಿಯಲು ಬಿಡಬೇಕು. ರಾತ್ರಿಯ ತಂಪಿನಲ್ಲಿ ಚಾರ್ಜು ಮಾಡುವುದು ಲೇಸು.

ಚಾರ್ಜು ಮಾಡುವ ಪ್ಲಗ್ಗಿಗೆ ದಪ್ಪ ತಂತಿಯೂ ಸರಿಯಾದ ಅರ್ಥಿಂಗೂ ಇರಲೇಬೇಕು. ಮೊಬೈಲಿಗೆ ಬಳಸುವ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರಿಗೆ ಕರೆಂಟು ಎಳೆದರೆ ತಂತಿ ಕಾದು ಬೆಂಕಿ ಹತ್ತುವ ಅಪಾಯವಿದೆ. ಕಾರಿನೊಳಗಿನ ವಿದ್ಯುತ್ತು 300 ವೋಲ್ಟಿಗೂ ಮೀರಿದ್ದು. ಕಲಿಯದವರು ಅದನ್ನು ಬಿಚ್ಚಬಾರದು. ಆದರೆ ಕಲಿತವರಿಗೆ ಇಲ್ಲಿ ಬದುಕಿನ ದಾರಿಯೂ ಇದೆ. ಐ.ಟಿ.ಐ. ಸೇರಬೇಕೆಂದಿರುವ ನಮ್ಮ ಹುಡುಗರೂ ಹುಡುಗಿಯರೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು.

ಚಿಕ್ಕ ತರಗತಿಯ ಮಕ್ಕಳಿಗೆ ಒಂದು ಮಾತು. ನಿಧಾನವಾಗಿ ಬರುವ ವಿದ್ಯುತ್ ಗಾಡಿ ಸದ್ದು ಮಾಡುವುದಿಲ್ಲ. ರಸ್ತೆ ದಾಟುವಾಗ ಕಿವಿಯನ್ನು ಮಾತ್ರ ನಂಬಬೇಡಿರಿ. ಎರಡೂ ಕಡೆ ಕಣ್ಣಿಟ್ಟು ನೋಡಿರಿ.

ಹೊಗೆ ನಿಜವಾಗಿ ಹೋಯಿತೆ?

ಈ ಗಾಡಿಗೆ ಹೊಗೆಯಿಲ್ಲ ಎನ್ನುತ್ತಾರೆ. ಗಾಡಿಗೆ ಹೊಗೆಯಿಲ್ಲ, ನಿಜ. ಆದರೆ ಕರೆಂಟು ಎಲ್ಲಿಂದ ಬಂದಿತು ಎಂದು ಕೇಳಬೇಕು. ಕಡಪ ಜಿಲ್ಲೆಯ ಮುದ್ದನೂರಿನ ಬಳಿಯ ರಾಯಲಸೀಮಾ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಅಲ್ಲಿಂದ ಬಂದ ಕರೆಂಟಾದರೆ ಹೊಗೆ ನಮ್ಮ ಬೀದಿಯಿಂದ ಬೇರೆಯವರ ಊರಿಗೆ ಹೋಯಿತು, ಅಷ್ಟೆ. ಇನ್ನೊಂದು ಕಡೆ ಕರ್ನೂಲಿನ ಸಮೀಪ ಓರ್ವಕಲ್ಲಿನ ಬಳಿ 1,000 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರ 2017ರಲ್ಲಿ ಸಿದ್ಧವಾಯಿತು. ನಮ್ಮನ್ನು ಬೇಯಿಸುವ ಬಿಸಿಲೇ ಅಲ್ಲಿ ಕರೆಂಟಾಗುತ್ತಿದೆ. ಬಿಸಿಲಿನ, ಗಾಳಿಯ ಪಾಲು ಹೆಚ್ಚಿದಂತೆಲ್ಲ ವಿದ್ಯುತ್ ಗಾಡಿಯ ಓಟ ಹೆಚ್ಚು ಹೆಚ್ಚು ನಿರ್ಮಲವಾಗುತ್ತದೆ.

ಕೊನೆಯದಾಗಿ ಒಂದು ಮಾತು. ಕೋಸಿಗಿ, ಕೌತಾಳಂ ಕಡೆಯಿಂದ ದುಡಿಮೆಗಾಗಿ ವರ್ಷವರ್ಷವೂ ಗುಂಟೂರಿನ ಕಡೆಗೆ ಗುಳೆ ಹೋಗುವ ಮನೆಗಳಿರುವ ಸೀಮೆ ನಮ್ಮದು. ಅವರಿಗೆ ಹನ್ನೆರಡು ಲಕ್ಷದ ಕಾರು ಅಗ್ಗದ್ದಲ್ಲ. ಆದರೆ ವಿದ್ಯುತ್ ಆಟೋ, ವಿದ್ಯುತ್ ಸ್ಕೂಟರುಗಳಿಗೂ ಮೇಲಿನ ಅಳತೆಗಳೇ ಅನ್ವಯಿಸುತ್ತವೆ: ತೊಟ್ಟಿಯಲ್ಲಿ ಎಷ್ಟು ಯೂನಿಟ್, ಯೂನಿಟ್ಟಿಗೆ ಎಷ್ಟು ದೂರ, ದಿನಕ್ಕೆ ಎಷ್ಟು ಓಟ, ವರ್ಷಕ್ಕೆ ಎಷ್ಟು ಬಡ್ಡಿ. ಈ ನಾಲ್ಕು ಪ್ರಶ್ನೆಗಳನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಒಂದು ಹಾಳೆಯ ಮೇಲೆ ಬಿಡಿಸಬಲ್ಲರು. ಮನೆಯಲ್ಲಿ ಗಾಡಿಯ ಮಾತು ಬಂದಾಗ ಆ ಹಾಳೆಯನ್ನು ತಂದೆತಾಯಿಗಳ ಮುಂದಿಡಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯ ಉದ್ದವನ್ನು ಅಳೆದು ತಿಳಿಸುವ ಕೆಲಸ ಓದು ಕಲಿತ ಮಕ್ಕಳದು.